ಬಾಯಿಗೆ ತಂತಿ ಬಿದ್ದ ಸಾಹುಕಾರ

ಕೇಳೋದು ಅಂದೆ. ಹೇಳೋದಲ್ಲ, ಕೇಳೋದು. ಅದೇನು ಮಹಾ ಅಂತ ತಲೆ ಆಡಿಸ್ತಾ ಇದ್ದೀರಿ. ಹಿಂದಿನ ಸಾಲಲ್ಲಿ ಕೂತು ಮಾತಾಡ್ತಾ ಇರೋ ಅಕ್ಕಂದಿರೂ ಆಡಿಸಿದ್ರು, ನೋಡಿದೆ ನಾನು. ಇರಲಿ, ಒಂದು ಕಥೆ ಹೇಳ್ತೀನಿ.

ಒಂದೂರು. ಆ ಊರಿಗೊಬ್ಬ ಸಾಹುಕಾರ. ಹೆಸರು ಬೇಡ, ಹೇಳಿದ್ರೆ ನಿಮ್ಮಲ್ಲೇ ನಾಲ್ಕು ಜನ ಎದ್ದು ಹೋಗ್ತೀರಿ. ಅಕ್ಕಿ ಗಿರಣಿ ಇತ್ತು, ಮನೆ ಮುಂದೆ ಕಾರಿತ್ತು. ಆದರೂ ಪೇಟೆಗೆ ಹೋಗೋದು ಮಾತ್ರ ಹಳೇ ಮೋಟಾರ್ ಬೈಕಿನ ಮೇಲೇ. ಯಾಕೆ ಹೇಳಿ? ಕಾರಿನ ಗಾಜಿನೊಳಗೆ ಕೂತ್ರೆ ಜನ ನಮಸ್ಕಾರ ಹೊಡೆಯೋದು ಹೇಗೆ! ಅದೇ ಕಾರಣಕ್ಕೆ ಹೆಲ್ಮೆಟ್ಟೂ ತಲೆ ಮೇಲಿರ್ತಿರಲಿಲ್ಲ, ಹ್ಯಾಂಡಲ್ಲಿಗೆ ನೇತಾಡ್ತಿತ್ತು. ಮುಖ ಮುಚ್ಚಿಕೊಂಡ್ರೆ ಸಾಹುಕಾರ ಯಾರು, ಸಾಮಾನ್ಯ ಯಾರು?

ಹೆಂಡತಿ ತೀರಿಕೊಂಡಿದ್ದಳು. ಮನೇಲಿ ಒಬ್ಬಳೇ ಮಗಳು, ಮದುವೆ ವಯಸ್ಸಿನವಳು. ಅವಳು ಅಂದ್ರೆ ಇವನಿಗೆ ಪ್ರಾಣ. ಕೇಳಿದ್ದೆಲ್ಲ ಕೊಡಿಸೋನು. ಅಲ್ಲಲ್ಲ, ತಪ್ಪು ಹೇಳಿದೆ. ಕೇಳೋಕೆ ಮುಂಚೇನೇ ಕೊಡಿಸೋನು. ಕೇಳೋಕೆ ಬಿಟ್ರೆ ತಾನೇ! "ಅಪ್ಪಾ, ಒಂದು ಮಾತು" ಅಂದ್ರೆ ಸಾಕು, "ನಂಗೊತ್ತು ಬಿಡಮ್ಮ" ಅನ್ನೋನು. ಒಂದ್ಸಲ ಪಾಪ ಹಲ್ಲು ನೋವು ಅನ್ನೋಕೆ ಬಂದ್ಲು. ಸಂಜೆಗೆ ಒಂದು ಡಬ್ಬ ಮೈಸೂರು ಪಾಕ್ ಬಂತು. ನಗ್ತೀರಿ! ಹಲ್ಲು ನೋವಿನವಳಿಗೆ ಮೈಸೂರು ಪಾಕ್!

ಹಾಗೇ ಗಂಡೂ ಬಂತು. ಪಕ್ಕದೂರಿನ ಸಾಹುಕಾರನ ಮಗ. ಹೆಣ್ಣು ನೋಡೋ ಶಾಸ್ತ್ರ ಆಯ್ತು, ಹುಡುಗ ಹುಡುಗಿ ಮಹಡಿ ಮೇಲೆ ನಿಂತು ಮಾತಾಡಿಕೊಂಡು ಬಂದ್ರು. ಮಗಳು "ಅಪ್ಪಾ..." ಅಂದ್ಲು. "ನಂಗೊತ್ತು ಬಿಡಮ್ಮ, ನಾಚಿಕೆ" ಅಂದ. ಅಲ್ಲೇ ಮಾತು ಕೊಟ್ಟುಬಿಟ್ಟ.

ಮಾರನೇ ಬೆಳಿಗ್ಗೆ ತಾಂಬೂಲದ ದಿನ ಕೇಳಿಕೊಂಡು ಬರೋಣ ಅಂತ ಪುರೋಹಿತರ ಮನೆಗೆ ಹೊರಟ. ಗಾಡಿ ಶುರು ಮಾಡಿದ. ಮಗಳು ಗೇಟಿನ ತನಕ ಓಡಿ ಬಂದ್ಲು. "ಅಪ್ಪಾ, ನಿಲ್ಲು, ಒಂದು ಮಾತು!"

"ನಂಗೊತ್ತು ಬಿಡಮ್ಮ!" ಬುರ್ ಅಂತ ಹೋದ.

ಬೀದಿ ಕೊನೇಲಿ ಹೂವಿನವಳು "ಅಣ್ಣಾ" ಅಂತ ಕೈ ಎತ್ತಿದ್ಲು. ಇವನೂ ಗತ್ತಿನಿಂದ ಕೈ ಎತ್ತಿದ. ಬ್ಯಾಂಕಿನ ಮುಂದೆ ಆಟೋದವರು ಕೈ ಬೀಸಿ ಕೂಗಿದ್ರು. ಇವನೂ ಬೀಸಿದ. ಶಾಲೆ ಮಕ್ಕಳು ಬೆರಳು ತೋರಿಸಿ ಕಿರುಚಿದ್ವು. ಒಬ್ಬ ಸ್ಕೂಟರಿನವನಂತೂ ಪಕ್ಕಕ್ಕೇ ಬಂದು ಹಾರ್ನ್ ಹೊಡೆದ. ಸಾಹುಕಾರನ ಎದೆ ಉಬ್ಬಿತು. ಅಬ್ಬಬ್ಬಾ, ಮಗಳ ಮದುವೆ ಸುದ್ದಿ ಆಗಲೇ ಹಬ್ಬಿದೆ, ಊರಿಗೆ ಊರೇ ನಮಸ್ಕಾರ ಮಾಡ್ತಾ ಇದೆ! ಒಂದು ಕೈ ಹ್ಯಾಂಡಲ್ಲಿನ ಮೇಲೆ, ಒಂದು ಕೈ ಜನರ ಕಡೆ, ಹಾಗೇ ಎಡಕ್ಕೆ ತಿರುಗಿಸಿದ ನೋಡಿ. ದಡಾರ್!

ಬೈಕ್ ಓಡಿಸೋರು ಆಗಲೇ ಕಿಸಿಕಿಸಿ ಅಂತಾ ಇದ್ದೀರಿ. ಸುಮ್ನಿರಿ, ಪಕ್ಕದವರಿಗೆ ಹೇಳ್ಬೇಡಿ.

ಪ್ರಾಣ ಉಳೀತು, ಪುಣ್ಯ. ಬಲಗೈಗೆ ಪಟ್ಟಿ, ಕಾಲಿಗೆ ಪಟ್ಟಿ. ದವಡೆ ಎರಡೂ ಕಡೆ ಮುರಿದಿತ್ತು. ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದ್ರು. "ಮೂಳೆ ಕೂಡೋವರೆಗೂ ಬಾಯಿ ತೆಗೆಯೋ ಹಾಗಿಲ್ಲ, ಸ್ಟ್ರಾದಲ್ಲಿ ಗಂಜಿ ಅಷ್ಟೇ" ಅಂದ್ರು. ಮಾತಾಡೋ ಹಾಗಿಲ್ಲ. ಬರೆದು ತೋರಿಸೋಕೆ ಕೈಯಿಲ್ಲ. ಎದ್ದು ಹೋಗೋಕೆ ಕಾಲಿಲ್ಲ. ಇನ್ನು ಉಳಿದಿದ್ದೇನು? ಕಿವಿ!

ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದ ಮೇಲೆ ನೋಡೋಕೆ ಜನ ಬಂದ್ರು. ಬರಿಗೈಲಿ ಬರ್ತೀವಾ ನಾವು? ಬ್ರೆಡ್ಡು ತಂದ್ರು. ಬಾಯಿಗೆ ತಂತಿ ಹಾಕಿದವನಿಗೆ ಬ್ರೆಡ್ಡು! ಒಬ್ಬ ದೃಷ್ಟಿ ಅಂದ, ಒಬ್ಬ ರಾಹುಕಾಲ ಅಂದ. ಸಾಹುಕಾರನಿಗೆ ಒಳಗೊಳಗೇ ಉರಿ. "ನಂಗೊತ್ತು" ಅನ್ನೋಕೆ ಹೋದ್ರೆ "ಊಂ" ಅಂತ ಬರ್ತಿತ್ತು. ಊಂ ಅಂದ ಅಂತ ಅವರು ಇನ್ನೂ ಅರ್ಧ ಗಂಟೆ ಕೂರೋರು.

ಅವರೆಲ್ಲ ಹೋದ ಮೇಲೆ ಮಗಳು ಗಂಜಿ ತರೋಳು. ಒಂದಿನ ಸ್ಟ್ರಾ ಬಾಯಿಗಿಟ್ಟು, "ಅಪ್ಪಾ, ಒಂದು ಮಾತು" ಅಂದ್ಲು. ಅಂದು ನಿಂತ್ಲು. ಅಭ್ಯಾಸಬಲ ನೋಡಿ, "ನಂಗೊತ್ತು" ಬರುತ್ತೆ ಅಂತ ಕಾದಳು. ಬರಲಿಲ್ಲ. ಇನ್ನೂ ಕಾದಳು. ಬರಲಿಲ್ಲ. ಆ ಮಗುವಿನ ಕಣ್ಣಲ್ಲಿ ನೀರು ಬಂದುಬಿಡ್ತು.

"ಅಮ್ಮನ ನೆನಪಾಗುತ್ತೆ ಅಪ್ಪಾ. ಹೇಳೋಕೆ ಬಂದಾಗೆಲ್ಲ ನೀನು ಏನಾದ್ರೂ ಕೊಡಿಸಿಬಿಡ್ತಿದ್ದೆ."

ಸಾಹುಕಾರ ಗಂಜಿ ಕುಡಿಯೋದು ನಿಲ್ಲಿಸಿದ.

"ಆ ಹುಡುಗ ನಂಗೆ ಬೇಡ ಅಪ್ಪಾ. ಕೆಟ್ಟವನಲ್ಲ. ಮಹಡಿ ಮೇಲೆ ಅಷ್ಟು ಹೊತ್ತು ನಿಂತಿದ್ವಿ, ನನ್ನ ಒಂದು ಮಾತೂ ಪೂರ್ತಿ ಮುಗಿಸೋಕೆ ಬಿಡಲಿಲ್ಲ. ಥೇಟ್ ನಿನ್ನ ಥರಾನೇ. ನೀನು ಅಪ್ಪ, ಹೇಗೋ ನಡೀತು. ಜೀವಮಾನ ಪೂರ್ತಿ ಇನ್ನೊಬ್ಬನ ಜೊತೆ ಹೀಗೇ ಅಂದ್ರೆ ನನ್ನ ಕೈಲಾಗಲ್ಲ."

ಮುರಿದ ದವಡೆಗಿಂತ ಇದು ಜಾಸ್ತಿ ನೋಯ್ತು ಅವನಿಗೆ. ಎಡಗೈಲಿ ಗೇಟಿನ ಕಡೆ ತೋರಿಸಿ ಹುಬ್ಬು ಹಾರಿಸಿದ. ಅವತ್ತು ಓಡಿ ಬಂದದ್ದು ಇದನ್ನ ಹೇಳೋಕಾ ಅಂತ.

"ಅವತ್ತಾ? ಅಯ್ಯೋ, ಅವತ್ತು ಇದಲ್ಲ ಅಪ್ಪಾ. ಗಾಡಿ ಸೈಡ್ ಸ್ಟ್ಯಾಂಡ್ ಎತ್ತಿಲ್ಲ ಅನ್ನೋಕೆ ಬಂದೆ!"

ನೋಡಿ, ಹೂವಿನವಳು ಹೇಳಿದ್ದೂ ಅದೇ. ಆಟೋದವರು ಕೂಗಿದ್ದೂ ಅದೇ. ಮಕ್ಕಳು ಬೆರಳು ತೋರಿಸಿದ್ದೂ ಅದೇ. ಇಡೀ ಊರಲ್ಲಿ ಒಬ್ಬನೇ ಒಬ್ಬನೂ ನಮಸ್ಕಾರ ಮಾಡಿರಲಿಲ್ಲ! ಸಾಹುಕಾರನಿಗೆ ನಗು ಬಂತು, ನಕ್ಕರೆ ತಂತಿ ಎಳೀತು, ಎಳೆದದ್ದಕ್ಕೆ ಅಳು ಬಂತು. ಅಪ್ಪ ಮಗಳು ಇಬ್ಬರೂ ಗಂಜಿ ಚೆಲ್ಲಿಕೊಂಡು ನಕ್ಕರು, ಅತ್ತರು.

ತಂತಿ ಬಿಚ್ಚಿದ ದಿನ ಸಾಹುಕಾರನ ಮೊದಲ ಮಾತು ಕೇಳೋಕೆ ಬೀದಿಗೆ ಬೀದಿಯೇ ಮನೇಲಿ ಸೇರಿತ್ತು. ಹುಡುಗನ ತಂದೆಯೂ ಬಂದಿದ್ದ. "ತಾಂಬೂಲದ ದಿನ ಹೇಳಿಬಿಡಿ ಸಾಹುಕಾರ್ರೇ. ಹುಡುಗಿಗೆ ಒಪ್ಪಿಗೆ ಇದ್ದೇ ಇದೆಯಲ್ಲ."

ಇಕ್ಕಟ್ಟು ನೋಡಿ. ಕೊಟ್ಟ ಮಾತು ಒಂದು ಕಡೆ, ಮಗಳ ಮಾತು ಒಂದು ಕಡೆ. ಸಾಹುಕಾರ ಬಾಯಿ ತೆರೆದ. "ನಂಗೊ..." ಹಾಳು ಅಭ್ಯಾಸ, ಗಂಟಲ ತನಕ ಬಂತು! ಗುಟುಕ್ ಅಂತ ನುಂಗಿದ. ಮಗಳ ಕಡೆ ತಿರುಗಿದ.

"ಹೇಳಮ್ಮ" ಅಂದ.

ಅವಳು ಶುರು ಮಾಡಿದ್ಲು. ಹುಡುಗನ ತಂದೆ ನಡುವೆ ಬಾಯಿ ಹಾಕಿ, "ಅದು ಹಾಗಲ್ಲಮ್ಮ..." ಅಂದ. ಸಾಹುಕಾರ ಕೈ ಎತ್ತಿದ. ಈ ಸಲ ನಮಸ್ಕಾರಕ್ಕಲ್ಲ.

"ತಡೀರಿ ಯಜಮಾನ್ರೇ. ನನ್ನ ಮಗಳ ಮಾತು ಇನ್ನೂ ಮುಗಿದಿಲ್ಲ."

ಸಂಬಂಧ ಮುರೀತು. ಮಗಳು ಉಳಿದಳು.

ಈಗ ನಿಮ್ಮ ಕಡೆ ಬರ್ತೀನಿ. ಹೊರಗೆ ಸಾಲಾಗಿ ಗಾಡಿ ನಿಂತಿವೆ, ಹೆಲ್ಮೆಟ್ಟೆಲ್ಲ ಹ್ಯಾಂಡಲ್ಲಿಗೆ ನೇತಾಡ್ತಿವೆ, ಒಳಗೆ ಬರೋವಾಗ ನೋಡಿಕೊಂಡೇ ಬಂದೆ. ಹೋಗೋವಾಗ ತಲೆಗೆ ಹಾಕ್ಕೊಳ್ಳಿ, ಸ್ಟ್ಯಾಂಡ್ ಎತ್ತಿ. ಅದನ್ನ ಪೊಲೀಸರೂ ಹೇಳ್ತಾರೆ, ನಾನೇ ಬೇಕಾ? ನಾನು ಹೇಳೋದು ಮನೆ ತಲುಪಿದ ಮೇಲಿನದು. ಮಗು "ಅಪ್ಪಾ" ಅನ್ನುತ್ತೆ, "ಅಮ್ಮಾ" ಅನ್ನುತ್ತೆ, ನಿಮ್ಮ ಕಣ್ಣು ಫೋನಲ್ಲಿ, ಬಾಯಲ್ಲಿ ಮಾತ್ರ "ಊಂ, ಗೊತ್ತು". ಏನು ಗೊತ್ತು ನಿಮಗೆ? ಕೇಳಿದ್ರಾ? ಮಕ್ಕಳಿಗೆ ಕೊಡಿಸಿದ್ದನ್ನೆಲ್ಲ ಪ್ರೀತಿ ಅಂದುಕೊಂಡಿದ್ದೀರಿ, ಅವರ ಹಲ್ಲು ನೋವು ಹಾಗೇ ಇದೆ! ಇವತ್ತು ಸಂಜೆ ಒಂದೇ ಒಂದು ಕೆಲಸ ಮಾಡಿ. ಫೋನ್ ಕೆಳಗಿಡಿ. ಮಗುವಿನ ಮುಂದೆ ಕೂತು "ಹೇಳಮ್ಮ", "ಹೇಳಪ್ಪ" ಅನ್ನಿ. ಆಮೇಲೆ ನಿಮ್ಮ ಬಾಯಿಗೆ ನೀವೇ ತಂತಿ ಹಾಕ್ಕೊಳ್ಳಿ. ಡಾಕ್ಟರು ಬಂದು ಹಾಕೋವರೆಗೂ ಕಾಯಬೇಡಿ.

ನಾನೂ ಹಾಕ್ಕೊಂಡೆ. ಹೋಗಿ, ಮಕ್ಕಳು ಕಾಯ್ತಾ ಇದ್ದಾರೆ.