ನೆಲಕ್ಕೆ ಇಳಿದ ಗುಲಾಬಿ

ಡಿಸೆಂಬರಿನ ಬೆಳಿಗ್ಗೆ, ತರೀಕೆರೆಯಿಂದ ಲಿಂಗದಹಳ್ಳಿಗೆ ಹೊರಟ ಬಸ್ಸಿನಲ್ಲಿ ಧನ್ಯಶ್ರೀ ಪುಸ್ತಕ ತೆರೆದು ಕೂತಿದ್ದಳು. ಮುಂದಿನ ಸೀಟಿನ ವಯಸ್ಸಾದ ಗಂಡ ಹೆಂಡತಿ ಓದಲು ಬಿಡಲಿಲ್ಲ. ಹೆಂಡತಿಯ ಮಡಿಲಲ್ಲಿ ನರ್ಸರಿಯಿಂದ ತಂದ ಗುಲಾಬಿ ಗಿಡವಿತ್ತು. ಅದರ ಮುಳ್ಳು ಆಗಲೇ ಗಂಡನ ಸ್ವೆಟರಿಗೆ ಸಿಕ್ಕಿಕೊಂಡಿತ್ತು.

“ಗಿಡ ತಗೊಂಡು ಪಾಟ್ ಮರ್ತ್ಯಲ್ಲೇ,” ಎಂದರು ಗಂಡ, ಮುಳ್ಳು ಬಿಡಿಸಿಕೊಳ್ಳುತ್ತಾ.

“ಮರ್ತಿಲ್ಲ ಕಣ್ರೀ. ಈ ಸಲ ನೆಲಕ್ಕೇ ಹಾಕೋದು, ಬಾಗ್ಲು ಪಕ್ಕ.”

“ನೆಲಕ್ಕಾ? ಲಕ್ಕವಳ್ಳಿ ಕ್ವಾರ್ಟರ್ಸ್‌ನಲ್ಲಿ ಹಾಕಿದ್ದು ಏನಾಯ್ತು? ಮೊಗ್ಗು ಬಿಡೋ ಹೊತ್ತಿಗೆ ವರ್ಗ ಆಯ್ತು. ಗಿಡ ಬಿಟ್ಟು ಬಂದಿದ್ದಕ್ಕೆ ನೀನು ದಾರಿಯುದ್ದಕ್ಕೂ ಅಳ್ತಾ ಬಂದೆ.”

“ಅದಕ್ಕೇ ಆಮೇಲೆಲ್ಲ ಪೇಂಟ್ ಡಬ್ಬದಲ್ಲಿ ಬೆಳೆಸಿದ್ದು.”

“ಈಗ್ಲೂ ಡಬ್ಬಕ್ಕೇ ಹಾಕು. ಮತ್ತೆ ವರ್ಗ ಆದ್ರೆ ಕೀಳೋರು ಯಾರು?”

ಹೆಂಡತಿ ಅವರ ಮುಖವನ್ನೇ ನೋಡಿದರು.

“ರೀ, ನೀವು ರಿಟೈರ್ ಆಗಿ ತಿಂಗಳಾಯ್ತು. ಈಗ ಹೋಗ್ತಿರೋದು ನಮ್ಮ ಸ್ವಂತ ಮನೆಗೆ. ಇನ್ನು ನಿಮ್ಮನ್ನ ವರ್ಗ ಮಾಡೋರ್ಯಾರು, ನಾನಾ?”

ಗಂಡ ಸೀಟು ಅಲ್ಲಾಡುವಂತೆ ನಕ್ಕರು.

ಲಿಂಗದಹಳ್ಳಿ ಬಂದಾಗ ಗಿಡವನ್ನು ಅವರೇ ಎತ್ತಿಕೊಂಡರು.

“ಮನೆ ಮುಂದೆ ಅಷ್ಟು ಜಾಗ ಇದೆ,” ಎಂದು ಗೊಣಗುತ್ತಾ ಮೆಟ್ಟಿಲಿಳಿದರು. “ಒಂದೇ ಗಿಡ ತಂದಿದೀಯಲ್ಲೇ.”