ಜಗದಾಂಬ ಮೇಡಂ ಬರೆದ ತಿದ್ದುಪಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಿತರಾದ ಜಗದಾಂಬ ಮೇಡಂ ಅವರೇ, ಊಟದ ವಾಸನೆ ಬಂದರೂ ಕದಲದೆ ಕೂತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ಮೂರು ವರ್ಷ ಪಾಠ ಮಾಡಿದವನಿಗೆ ಐದು ನಿಮಿಷ ಹಾಜರಿ ಕರೆಯುವುದಕ್ಕೂ ಸಾಲದು!

ಮಧುಗಿರಿಯ ನಮ್ಮ ಕಾಲೇಜಿನ ಸಸ್ಯಸಂಗ್ರಹಾಲಯಕ್ಕೆ ಇಂದು ಮೇಡಂ ಹೆಸರಿಟ್ಟಿದ್ದೇವೆ. ಅಲ್ಲಿರುವ ಒಣಗಿಡದ ಹಾಳೆಗಳಲ್ಲಿ ಮುಕ್ಕಾಲು ಪಾಲು ಅವರು ಕೈಯಾರೆ ಒತ್ತಿ ಅಂಟಿಸಿದವು. ಇದಕ್ಕಿಂತ ಹೆಮ್ಮೆಯ ದಿನ ಯಾವುದಿದ್ದೀತು?

ಇವರು ಕೊರಟಗೆರೆಯ ಜವಳಿ ಅಂಗಡಿಯವರ ಮಗಳು. ೧೯೫೫ರಲ್ಲಿ ಸಸ್ಯಶಾಸ್ತ್ರ ಓದಲು ಮೈಸೂರಿಗೆ ಹೊರಟಾಗ ದೊಡ್ಡಪ್ಪ ಚನ್ನಮಲ್ಲಯ್ಯನವರು ಬಾಗಿಲಿಗೆ ಅಡ್ಡ ನಿಂತರಂತೆ.

"ಹುಲ್ಲು ನೋಡಾಕೆ ಮೈಸೂರ್‌ಗಂಟ ಯಾಕಮ್ಮ? ನಮ್ಮ ಹಿತ್ಲಲ್ಲೇ ಬೇಕಾದಂಗೈತೆ."

"ಅದರ ಹೆಸ್ರು ಹೇಳ್ಬುಡು ದೊಡ್ಡಪ್ಪ, ನಾನು ಹೋಗಲ್ಲ."

ದೊಡ್ಡಪ್ಪ ಬಾಗಿಲು ಬಿಟ್ಟರು.

ನಮ್ಮ ಕಾಲೇಜಿನ ಮೊದಲ ಮಹಿಳಾ ಉಪನ್ಯಾಸಕಿ ಇವರೇ. ಸೀರೆಯ ಕೆಳಗೆ ಗಂಡಸರ ಬೂಟು ಹಾಕಿಕೊಂಡು ಶಿರಾ, ಪಾವಗಡದ ಗುಡ್ಡಗಳನ್ನೆಲ್ಲ ಹತ್ತಿದರು. ಹುಡುಗರು ನಗುತ್ತಿದ್ದರು. ಅವರದೇ ವಿಭಾಗಕ್ಕೆ ಉಪನ್ಯಾಸಕನಾಗಿ ಹೊಸದಾಗಿ ಸೇರಿದ್ದ ನಾನೂ ನಗುತ್ತಿದ್ದೆ.

೧೯೭೨ರಲ್ಲಿ ಅವರೊಂದು ಲೇಖನ ಬರೆದರು. ಪುಟ್ಟ ಲಾಂದ್ರದಂಥ ಹೂ ಬಿಡುವ ಒಂದು ಬಳ್ಳಿ ನಮ್ಮ ಗುಡ್ಡಗಳಿಂದ ಪೂರ್ತಿ ಅಳಿದುಹೋಗಿದೆ ಎಂದು. ಹತ್ತು ವರ್ಷ ಹುಡುಕಿ ಬರೆದದ್ದು. ದೊಡ್ಡ ದೊಡ್ಡ ವಿದ್ವಾಂಸರು ಮೆಚ್ಚಿದರು. ಇಷ್ಟು ನಿಮ್ಮ ಕೈಲಿರುವ ಪರಿಚಯ ಪುಸ್ತಿಕೆಯಲ್ಲೂ ಇದೆ. ಇಲ್ಲದ್ದನ್ನು ಹೇಳುತ್ತೇನೆ.

ಎರಡು ವರ್ಷದ ಮೇಲೆ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಇದ್ದವರು ಇಬ್ಬರೇ, ಅವರು ಮತ್ತು ನಾನು. ಸಂದರ್ಶನಕ್ಕೆ ಎಂಟು ದಿನವಿರುವಾಗ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾಗಲಮಡಿಕೆ ಕಡೆಯ ಗುಡ್ಡಕ್ಕೆ ಹೋದೆವು. ಅಲ್ಲಿ ಲಕ್ಕಮ್ಮ ಎಂಬ ಹೆಂಗಸು ಮೇಕೆ ಮೇಯಿಸುತ್ತಿದ್ದರು. ಮೇಡಂ ಲಕ್ಕಮ್ಮನವರಿಗೆ ಆ ಬಳ್ಳಿಯ ಚಿತ್ರ ತೋರಿಸಿದರು.

"ಇದಾ? ಇದೆಲ್ಲಿಗೋಗ್ತೈತೆ ಕಣಮ್ಮ! ನಮ್ ಹೈಕ್ಳು ದಿನಾ ಗೆಡ್ಡೆ ಕಿತ್ಕಂಡು ತಿಂತವೆ."

ಲಕ್ಕಮ್ಮ ಕೋಲಿನಿಂದ ಮುಳ್ಳುಪೊದೆಯೊಂದನ್ನು ಎತ್ತಿ ಹಿಡಿದರು. ಒಳಗೆ ತುಂಬ ಹೂ!

"ಮುಳ್ಳಿನೊಳ್ಗೆ ನೋಡ್ಬೇಕು ಕಣಮ್ಮ. ಮೇಲಿದ್ರೆ ಮೇಕೆ ಬುಡ್ತಾವಾ?"

ಮೇಡಂ ನೆಲಕ್ಕೆ ಕುಸಿದು ಕೂತರು. ಅಳುತ್ತಿದ್ದಾರೆಂದುಕೊಂಡೆ. ಇಲ್ಲ, ಹೂ ಎಣಿಸುತ್ತಿದ್ದರು.

ಬಸ್ಸಿನಲ್ಲಿ ನಾನೇ ಹೇಳಿದೆ: "ಸಂದರ್ಶನ ಮುಗೀಲಿ ಮೇಡಂ, ಆಮೇಲೆ ಬರೆಯೋರಂತೆ."

"ಇರೋದನ್ನ ಇಲ್ಲ ಅಂತ ಎಂಟು ದಿನ ಇಟ್ಕೊಳ್ಳೋದೂ ಸುಳ್ಳೇ ಅಲ್ವೇ ಪ್ರಭುದೇವ್?"

ಮರುದಿನವೇ ಪತ್ರಿಕೆಗೆ ತಿದ್ದುಪಡಿ ಕಳಿಸಿದರು. "ನಾನು ಬರೆದದ್ದು ತಪ್ಪು. ಬಳ್ಳಿಯನ್ನು ತೋರಿಸಿದವರು ಲಕ್ಕಮ್ಮ." ಅಂಚೆಗೆ ಹಾಕುವ ಮೊದಲು ನನಗೊಬ್ಬನಿಗೇ ಓದಲು ಕೊಟ್ಟಿದ್ದರು.

ನನ್ನ ಸಂದರ್ಶನದಲ್ಲಿ ಆಡಳಿತ ಮಂಡಳಿಯವರು ಅವರ ಲೇಖನವನ್ನು ಹೊಗಳಿದರು. ಆಗ ನಾನು... ಸಭಿಕರೇ, ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ, ನನ್ನ ಚೀಟಿಯಲ್ಲಿ ಬೇರೆಯೇ ಇದೆ... ಆಗ ನಾನು, "ಅದು ತಪ್ಪಂತೆ ಸಾರ್, ಅವರೇ ಬರೆದುಕೊಟ್ಟಿದ್ದಾರೆ" ಎಂದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಅದೇ ಸತ್ಯ ಹೇಳಿ ಅವರು ಹುದ್ದೆ ಕಳೆದುಕೊಂಡರು, ನಾನು ಪಡೆದುಕೊಂಡೆ.

ಮೊದಲು ಬಂದು ಅಭಿನಂದಿಸಿದವರು ಯಾರು? ಅವರೇ. "ಒಳ್ಳೇದಾಯ್ತು. ಆಫೀಸು ನೀವು ನೋಡ್ಕೊಳ್ಳಿ, ಗುಡ್ಡ ನಾನು ನೋಡ್ಕೋತೀನಿ" ಎಂದರು. ನೋಡಿಕೊಂಡರು ಕೂಡ! ಲಕ್ಕಮ್ಮನವರ ಜೊತೆ ಮುಳ್ಳುಪೊದೆಗಳನ್ನೆಲ್ಲ ಮತ್ತೆ ಜಾಲಾಡಿ, ಯಾರ ಪಟ್ಟಿಯಲ್ಲೂ ಇಲ್ಲದ ಹನ್ನೊಂದು ಗಿಡ ತಂದರು. ಆ ಹಾಳೆಗಳ ಮೇಲೆ ಇಬ್ಬರ ಹೆಸರೂ ಇದೆ. ಹೋಗಿ ನೋಡಿ. ನಾನು ಮುಖ್ಯಸ್ಥನಾಗಿದ್ದಷ್ಟು ಕಾಲ ವಿಭಾಗಕ್ಕೆ ಬಂದ ಹೆಸರೆಲ್ಲ ಅವರ ದುಡಿಮೆಯದು.

ಮೇಡಂ, ಸಂದರ್ಶನದ ವಿಷಯ ನಿಮಗೆ ಗೊತ್ತಿತ್ತೇ?

ನಗುತ್ತ ತಲೆಯಾಡಿಸುತ್ತಿದ್ದಾರೆ. ಗೊತ್ತಿತ್ತಂತೆ! ಗೊತ್ತಿದ್ದೂ ಅಷ್ಟು ವರ್ಷ ನನ್ನ ಕೋಣೆಗೆ ಬಂದು ಜೊತೆಯಲ್ಲಿ ಚಹಾ ಕುಡಿದರು.

ಕಾಲಿಗೆ ಬೀಳೋಣವೆಂದರೆ ಈ ಎಂಬತ್ತೆರಡರಲ್ಲಿ ಮಂಡಿ ಮತ್ತೆ ಏಳಗೊಡುವುದಿಲ್ಲ. ನಿಂತಲ್ಲಿಂದಲೇ ಕೈಮುಗಿಯುತ್ತೇನೆ, ಮೊದಲು ಅವರಿಗೆ, ಆಮೇಲೆ ಇಷ್ಟನ್ನೂ ಕೇಳಿಸಿಕೊಂಡ ನಿಮಗೆ. ವಂದನೆಗಳು. ನಮಸ್ಕಾರ.