ಮರುಳಪ್ಪನ ತುಟಿ, ನನ್ನ ಇಲಿಗಳು

ಈ ಸಭೆಯ ಅಧ್ಯಕ್ಷಪೀಠದಲ್ಲಿರುವ ತುರುವೇಕೆರೆಯ ಶ್ರೀ ಬಸವರಾಜಪ್ಪನವರೇ, ಸಂಘದ ಕಾರ್ಯದರ್ಶಿಗಳಾದ ಶ್ರೀ ವೀರಭದ್ರಯ್ಯನವರೇ, ವೇದಿಕೆಯ ಮೇಲೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಹಿರಿಯರೇ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರೇ, ಕೊಬ್ಬರಿ ವರ್ತಕರೇ, ಎಡಗಡೆ ಕುಳಿತಿರುವ ತಾಯಂದಿರೇ, ಅವರ ನಡುವೆ ಕುಳಿತು ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನನ್ನ ಸ್ವಂತ ತಾಯಿ ಗುರುಸಿದ್ದಮ್ಮನವರೇ, ಮತ್ತು ಎಲ್ಲ ಸಭಿಕರೇ,

ಎರಡು ಮಾತು ಆಡಿ ಎಂದು ನನಗೆ ಹೇಳಿದ್ದಾರೆ. ಎರಡೇ ಮಾತಿನಲ್ಲಿ ವಂದನೆ ಹೇಳಿ ಕುಳಿತುಕೊಳ್ಳುವ ಉದ್ದೇಶ ನನಗೂ ಇತ್ತು. ಆದರೆ ವೀರಭದ್ರಯ್ಯನವರು ನನ್ನನ್ನು 'ಪ್ರಸಿದ್ಧ ಇಲಿ ತಜ್ಞೆ ಡಾಕ್ಟರ್ ಗಿರಿಜಾಂಬಿಕಾ' ಎಂದು ಪರಿಚಯಿಸಿದರು. ಆಹ್ವಾನಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ. ಅದರ ಫಲವಾಗಿ ನಿನ್ನೆ ನಾನು ರೈಲಿನಿಂದ ಇಳಿಯುತ್ತಿದ್ದ ಹಾಗೆಯೇ ಒಬ್ಬ ಹಿರಿಯರು ಅಡ್ಡ ಬಂದು, ಅಟ್ಟದ ಮೇಲಿನ ಕಾಯಿಯನ್ನೆಲ್ಲ ಇಲಿ ಕೊರೆದು ಹಾಕುತ್ತಿವೆ, ನೀವು ಕಂಡುಹಿಡಿದ ಪಾಷಾಣ ಒಂದು ಡಬ್ಬಿ ಕೊಟ್ಟು ಹೋಗಿ ಎಂದು ಕೇಳಿದರು. ನಾನು ಇಲಿ ಸಾಕುವವಳು ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಕೊಬ್ಬರಿ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳು, ಹನ್ನೆರಡು ವರ್ಷ ಓದಿ, ಸರ್ಕಾರದ ಸಂಬಳ ತಿಂದು, ಇಲಿ ಸಾಕುವುದೇ?

ಸಾಕಿದ್ದೇನೆ ಸ್ವಾಮಿ. ಏಕೆ ಸಾಕಿದೆ ಎಂದು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ತಾಯಿಯ ಹೊಟ್ಟೆಯಲ್ಲಿ ಮುಖ ಹೇಗೆ ಮುಖವಾಗುತ್ತದೆ ಎಂಬುದು ನನ್ನ ಸಂಶೋಧನೆ. ಮೊದಲಿಗೆ ಅಲ್ಲಿ ಮುಖವೇ ಇರುವುದಿಲ್ಲ. ನಡುವಿನಿಂದ ಸ್ವಲ್ಪ, ಅಕ್ಕಪಕ್ಕದಿಂದ ಸ್ವಲ್ಪ, ಚಿಕ್ಕ ಚಿಕ್ಕ ಉಬ್ಬುಗಳು ಬೆಳೆದು ಬಂದು ಒಂದನ್ನೊಂದು ಮುಟ್ಟಬೇಕು, ಮುಟ್ಟಿ ಕೂಡಿಕೊಳ್ಳಬೇಕು. ಕೂಡಿಕೊಂಡರೆ ಮೇಲ್ದುಟಿ. ಕೂಡಿಕೊಳ್ಳದಿದ್ದರೆ ಸೀಳುತುಟಿ. ಮನುಷ್ಯರಲ್ಲಿ ಈ ಕೆಲಸ ಎರಡು ತಿಂಗಳು ತುಂಬುವುದರೊಳಗೆ ಮುಗಿದುಹೋಗುತ್ತದೆ. ಬಸಿರು ನಿಂತಿದೆಯೋ ಇಲ್ಲವೋ ಎಂದು ತಾಯಿ ಇನ್ನೂ ಯೋಚಿಸುತ್ತಿರುವಾಗ ಒಳಗೆ ತುಟಿಯ ತೀರ್ಮಾನ ಆಗಿಹೋಗಿರುತ್ತದೆ.

ಇದನ್ನು ನೋಡಲು ಇಲಿ ಬೇಕು. ಎಂಥ ಇಲಿ? ಅಣ್ಣ ತಂಗಿಯರನ್ನೇ ತಲೆಮಾರುಗಟ್ಟಲೆ ಕೂಡಿಸಿ ತೆಗೆದ ಬಿಳಿ ಇಲಿ. ಹಿಂದಿನ ಸಾಲಿನವರು ನಗಬೇಡಿ, ಇದು ವಿಜ್ಞಾನ. ಈ ತಳಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ರಕ್ತದಲ್ಲಿ ವ್ಯತ್ಯಾಸವಿಲ್ಲ. ಒಂದೇ ಗೂಡು, ಒಂದೇ ಮೇವು, ಒಂದೇ ತಾಯಿ. ಆದರೂ ಹತ್ತು ಮರಿಗಳಲ್ಲಿ ಒಂದಕ್ಕೆ ತುಟಿ ಸೀಳಿರುತ್ತದೆ, ಒಂಬತ್ತಕ್ಕೆ ಇರುವುದಿಲ್ಲ. ಏಕೆ? ಬೀಜದಲ್ಲಿ ಬರೆದಿರುವುದು ಒಂದು, ಬೆಳೆಯುವಾಗ ಅದನ್ನು ಓದಿಕೊಳ್ಳುವುದು ಇನ್ನೊಂದು, ಓದುವಾಗ ಹೆಚ್ಚುಕಡಿಮೆ ಆಗುತ್ತದೆ ಎನ್ನುವ ವಿದ್ಯೆಗೆ ಎಪಿಜೆನೆಟಿಕ್ಸ್ ಎಂದು ಹೆಸರು. ಒಂದೇ ಮರದ ಬಿತ್ತನೆಕಾಯಿಯಿಂದ ಒಂದು ಸಸಿ ಹೊಂಬಾಳೆ ಹೊರುತ್ತದೆ, ಇನ್ನೊಂದು ಗೊಡ್ಡು ನಿಲ್ಲುತ್ತದಲ್ಲ, ಹಾಗೆ ಎಂದು ಹೇಳಬಹುದು. ಆದರೆ ಅದು ಪೂರ್ತಿ ಹಾಗಲ್ಲ, ತೆಂಗಿನ ಲೆಕ್ಕವೇ ಬೇರೆ. ನಾಳೆ ಯಾರಾದರೂ ಬಂದು ಗೊಡ್ಡು ಮರಕ್ಕೆ ಔಷಧ ಕೇಳಿದರೆ ನಾನು ಹೊಣೆಯಲ್ಲ.

ಸಂಶೋಧನೆ ಎಂದರೆ ತಾವೆಲ್ಲ ಏನೆಂದುಕೊಂಡಿದ್ದೀರಿ? ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಗೆಯೊಳಗೆ ನೋಡಿ ತಲೆದೂಗುವುದೇ? ನನ್ನ ಹನ್ನೆರಡು ವರ್ಷದಲ್ಲಿ ಹೆಚ್ಚಿನ ಪಾಲು ಗೂಡು ತೊಳೆಯುವುದರಲ್ಲಿ ಹೋಯಿತು. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತು ಅರ್ಧ ಸಂತತಿಯೇ ಸತ್ತಿತು. ಉಳಿದ ತಾಯಿ ಇಲಿಗಳು ಸೀಳುತುಟಿಯ ಮರಿ ಹುಟ್ಟಿದೊಡನೆ ಅದನ್ನು ತಿಂದುಹಾಕಿ, ಬೆಳಗ್ಗೆ ನಾನು ಲೆಕ್ಕಕ್ಕೆ ಹೋದರೆ ಏನೂ ಅರಿಯದವರ ಹಾಗೆ ಕುಳಿತಿರುತ್ತಿದ್ದವು. ನಮ್ಮ ಮಾರ್ಗದರ್ಶಕರು ಬಂದು, ನಿಮ್ಮ ಲೆಕ್ಕ ಸರಿಯಿಲ್ಲ ಎನ್ನುತ್ತಿದ್ದರು. ಲೆಕ್ಕ ಇಲಿಯ ಹೊಟ್ಟೆಯಲ್ಲಿದೆ ಎಂದು ಪ್ರಬಂಧದಲ್ಲಿ ಬರೆಯಲಾಗುತ್ತದೆಯೇ?

ಇಷ್ಟಾದರೂ ಸಹಿಸಿದೆ. ಸಹಿಸಲಾಗದ್ದು ಹೋದ ತಿಂಗಳ ಸೂರ್ಯಗ್ರಹಣ. ನಮ್ಮ ಸಂಸ್ಥೆಯಲ್ಲೇ, ಜೀವಕೋಶದ ಮೇಲೆ ಪಾಠ ಮಾಡುವ ಒಬ್ಬರು ಅಂದು ರಜೆ ಹಾಕಿ, ಬಸುರಿ ಹೆಂಡತಿಯನ್ನು ಕೋಣೆಯೊಳಗೆ ಕೂರಿಸಿ, ಬಾಗಿಲಲ್ಲಿ ತಾವೇ ಕಾವಲು ಕುಳಿತರು. ಮಾರನೆಯ ದಿನ ಬಂದು, ನಂಬಿಕೆಯಿಂದಲ್ಲ, ಮನೆಯವರ ಸಮಾಧಾನಕ್ಕೆ ಎಂದರು. ಈ ಮನೆಯವರ ಸಮಾಧಾನ ಎನ್ನುವುದು ನಮ್ಮ ದೇಶದಲ್ಲಿ ಎಷ್ಟು ಕೆಲಸ ಕೆಡಿಸಿದೆ ಎಂದು ಯಾರಾದರೂ ಲೆಕ್ಕ ಹಾಕಬೇಕು.

ಇನ್ನು ಅಧ್ಯಕ್ಷರ ಮಾತಿಗೆ ಬರುತ್ತೇನೆ. ಬರಬಾರದಿತ್ತು. ಬೆಳಗ್ಗೆ ಹಂದನಕೆರೆಯಲ್ಲಿ ಬಸ್ಸಿಗೆ ನಿಂತಿದ್ದಾಗ ನಮ್ಮವ್ವ, ಸಭೆಯಲ್ಲಿ ಗ್ರಹಣದ ವಿಷಯ ಎತ್ತಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಾನಾಗಿ ಎತ್ತುತ್ತಿರಲಿಲ್ಲ. ನನಗಿಂತ ಮೊದಲೇ ತಮ್ಮ ಭಾಷಣದಲ್ಲಿ ಎತ್ತಿದವರು ಅಧ್ಯಕ್ಷರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಇಲ್ಲವೆನ್ನುವುದಿಲ್ಲ. ಬರುವ ಸೋಮವಾರ ತಮ್ಮ ತಂಗಿಯ ಮಗಳಿಗೂ ನನ್ನ ತಮ್ಮ ಮರುಳಪ್ಪನಿಗೂ ವೀಳ್ಯ ಬದಲಾಯಿಸುವುದಿದೆ ಎಂದು ತಿಳಿಸಿದರು. ಹುಡುಗನ ತುಟಿಯ ಮೇಲೆ ಒಂದು ಕಲೆಯಿದೆ, ಮಾತು ಸ್ವಲ್ಪ ಮೂಗಿನಲ್ಲಿ ಬರುತ್ತದೆ, ಆದರೆ ಅದು ವಂಶದ ದೋಷವಲ್ಲ, ತಾಯಿ ಗ್ರಹಣದಲ್ಲಿ ಮಾಡಿದ ಒಂದು ಅಚಾತುರ್ಯ, ಅದನ್ನು ನಾವು ದೊಡ್ಡದು ಮಾಡಲಿಲ್ಲ ಎಂದರು. ತಾವೆಲ್ಲ ಚಪ್ಪಾಳೆ ತಟ್ಟಿದಿರಿ. ತಾಯಂದಿರ ಸಾಲಿನಲ್ಲಿ ನಮ್ಮವ್ವ ತಲೆ ತಗ್ಗಿಸಿದಳು.

ಆ ಚಪ್ಪಾಳೆಯನ್ನು ಕೇಳಿಸಿಕೊಂಡು ಸುಮ್ಮನಿರುವುದಕ್ಕೆ ನಾನು ಹನ್ನೆರಡು ವರ್ಷ ಗೂಡು ತೊಳೆದೆನೇ?

ಅದು ಐವತ್ತೈದನೆಯ ಇಸವಿಯ ಗ್ರಹಣ. ಬೆಳಗ್ಗೆಯೇ ಹಿಡಿದಿತ್ತು. ನಮ್ಮವ್ವನಿಗೆ ಆಗ ಏಳು ತಿಂಗಳು ತುಂಬಿತ್ತು. ಅಜ್ಜಿ ಅವಳನ್ನು ಒಳಕೋಣೆಗೆ ಕಳಿಸಿ, ಕಿಟಕಿಗೆ ಗೋಣಿತಾಟು ಕಟ್ಟಿ, ಜೊತೆಗಿರಲಿ ಎಂದು ನನ್ನನ್ನೂ ತಳ್ಳಿದಳು. ನನಗೆ ಹತ್ತು ವರ್ಷ. ಗ್ರಹಣ ಬಿಡುವವರೆಗೆ ಬಾಯಿಗೆ ನೀರೂ ಇಲ್ಲ. ಹಸಿವು ಹಸಿವು ಎಂದು ಅತ್ತದ್ದು ನೆನಪಿದೆ. ಎರಡು ತಿಂಗಳಿಗೆ ಮರುಳಪ್ಪ ಹುಟ್ಟಿದ. ಸೂಲಗಿತ್ತಿ ಮಗುವಿನ ಸೀಳಿದ ಮೇಲ್ದುಟಿಯನ್ನು ಅಜ್ಜಿಗೆ ತೋರಿಸಿದಳು. ಅಜ್ಜಿ, ನಮ್ಮ ವಂಶದಲ್ಲಿ ಇಂಥದ್ದು ಇಲ್ಲ, ನಿನ್ನ ತವರಿನ ಕಡೆಯದೇ ಇರಬೇಕು ಎಂದು ಶುರುಮಾಡುವಷ್ಟರಲ್ಲಿ ಬಾಣಂತಿ ನಮ್ಮವ್ವ ಒಂದು ಮಾತು ಹೇಳಿದಳು. ಗ್ರಹಣದ ಹೊತ್ತಿನಲ್ಲಿ ಗಿರಿಜ ಹಸಿವು ಎಂದು ಅಳುತ್ತಿತ್ತು, ತಡೆಯಲಾರದೆ ಒಂದು ಗಿಟುಕು ಕೊಬ್ಬರಿ ಕುಯ್ದುಕೊಟ್ಟೆ ಎಂದಳು.

ಮುಗಿಯಿತು. ಗ್ರಹಣದಲ್ಲಿ ಬಸುರಿ ಏನನ್ನಾದರೂ ಕುಯ್ದರೆ ಮಗುವಿನ ತುಟಿ ಸೀಳುತ್ತದೆ ಎನ್ನುವ ಊರಿಗೆಲ್ಲ ಕಾರಣ ಸಿಕ್ಕಿತು. ಅಂದಿನಿಂದ ಯಾವ ಮನೆಯಲ್ಲಿ ಬಸುರಿ ಇದ್ದರೂ ಗುರುಸಿದ್ದಮ್ಮನ ಹೆಸರು ಹೇಳಿ ಹೆದರಿಸಿದರು. ಸೀಮಂತಕ್ಕೆ ಅವಳನ್ನು ಕರೆಯುವುದು ಬಿಟ್ಟರು. ಮಗು ಮೊಲೆ ಹಿಡಿಯಲಾರದು, ಎಳೆದ ಹಾಲು ಮೂಗಿನಿಂದ ಬರುತ್ತಿತ್ತು. ಅವಳು ಹಾಲು ಹಿಂಡಿ, ಒಳಲೆಯಲ್ಲಿ ಹನಿ ಹನಿಯಾಗಿ ಬಿಟ್ಟು, ಅದನ್ನು ಉಳಿಸಿಕೊಂಡಳು. ಮುಂದೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿದಳು.

ಆ ಗಿಟುಕು ತಿಂದ ನೆನಪು ನನಗೆ ಇರಲಿಲ್ಲ. ಆದರೆ ಹಸಿವಿನ ನೆನಪು ಇತ್ತಲ್ಲ! ನಾನು ಅಳದಿದ್ದರೆ ಅವ್ವ ಕುಯ್ಯುತ್ತಿರಲಿಲ್ಲ, ಅವ್ವ ಕುಯ್ಯದಿದ್ದರೆ ತಮ್ಮನ ತುಟಿ ಸೀಳುತ್ತಿರಲಿಲ್ಲ ಎಂದು ನನ್ನೊಳಗೆ ಕುಳಿತುಬಿಟ್ಟಿತು. ಎಲ್ಲರೂ ಡಾಕ್ಟರಾಗಿ ಹಣ ಮಾಡುವಾಗ ನೀನೇಕೆ ಇಲಿಯ ತುಟಿ ಹಿಡಿದು ಕುಳಿತೆ ಎಂದು ಕೇಳುವವರಿಗೆ ಇದು ಉತ್ತರ. ನನಗೆ ಪದವಿ ಬೇಕಿರಲಿಲ್ಲ. ಅಂದು ನನ್ನ ಹಸಿವು ಏನೂ ಮಾಡಲಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಕಂಡುಹಿಡಿಯಬೇಕಾಯಿತು.

ಪ್ರಬಂಧ ಒಪ್ಪಿಸಿದ ವಾರವೇ ಊರಿಗೆ ಓಡಿಬಂದೆ. ಹಿತ್ತಲಲ್ಲಿ ಕೂತು ಕಾಳು ಆರಿಸುತ್ತಿದ್ದ ಅವ್ವನ ಮುಂದೆ ಕುಳಿತು, ಇಲಿಯ ಮುಖದ ಚಿತ್ರವನ್ನು ನೆಲದ ಮೇಲೆ ಬರೆದು, ತುಟಿ ಎರಡು ತಿಂಗಳೊಳಗೆ ಕೂಡಿಹೋಗುತ್ತದೆ, ನಿನಗೆ ಆಗ ಏಳು ತಿಂಗಳು, ನೀನು ಕೊಬ್ಬರಿಯನ್ನಲ್ಲ, ಇಡೀ ತೋಟವನ್ನು ಕುಯ್ದಿದ್ದರೂ ಮರುಳನ ತುಟಿಗೆ ಏನೂ ಆಗುತ್ತಿರಲಿಲ್ಲ ಎಂದು ವಿವರಿಸಿದೆ. ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರದಿಂದ ಕಲ್ಲು ಹೆಕ್ಕಿ ಬಿಸಾಡಿ ಹೇಳಿದಳು:

"ನಾನೆಲ್ಲಿ ಕುಯ್ದೆ ಕಣೇ? ನಿನ್ ಪಕ್ಕದಾಗೇ ಮಲಗಿದ್ನಲ್ಲ."

ಹನ್ನೆರಡು ವರ್ಷ, ಸಭಿಕರೇ! ಹನ್ನೆರಡು ವರ್ಷ ನಾನು ಯಾರನ್ನು ಬಿಡಿಸಿಕೊಂಡು ಬರಲು ಹೋರಾಡಿದೆನೋ ಆಕೆ ಆ ತಪ್ಪನ್ನು ಮಾಡಿಯೇ ಇರಲಿಲ್ಲ. ಮತ್ತೇಕೆ ಹಾಗೆಂದೆ ಎಂದು ಕೂಗಾಡಿದೆ. ಅವಳು ಸಮಾಧಾನವಾಗಿಯೇ ಇದ್ದಳು.

"ಇನ್ನೇನನ್ಲಿ? ಮನೇಲಿ ಮೂರು ಜನ ಹೆಣ್ಮಕ್ಕಳು. ಗ್ರಹಣ ಅಂದ್ರೆ ನನ್ನೊಬ್ಬಳ ಕೈ ತಪ್ಪು, ನನ್ ಜತೇಗೇ ಹೋಯ್ತದೆ. ವಂಶದಾಗೈತೆ ಅಂದ್ರೆ ನಿಮ್ ಜತೇಗೂ ಬತ್ತದೆ. ಆಮೇಲೆ ನಿಮ್ಮನ್ನ ಯಾರು ಮಾಡ್ಕಳೋರು?"

ಸುಳ್ಳಿಗೆ ನನ್ನ ಹಸಿವೇ ಬೇಕಿತ್ತೇ ಎಂದು ಕೇಳಿದೆ. ಅದಕ್ಕೂ ಉತ್ತರ ಇತ್ತು. ನನಗೇ ಹಸಿವಾಗಿತ್ತು ಎಂದಿದ್ದರೆ ನಿಮ್ಮಜ್ಜಿ ಮನೆಯಲ್ಲಿ ಇರಗೊಡುತ್ತಿರಲಿಲ್ಲ, ಮಗುವಿಗೆ ಎಂದದ್ದಕ್ಕೆ ಬಯ್ದು ಸುಮ್ಮನಾದಳು ಎಂದಳು. ವಿಜ್ಞಾನ, ಸತ್ಯ, ಸಂಶೋಧನೆ ಎಂದು ನಾನು ಏನೇನೋ ಹೇಳಿದೆ. ಅವಳು ಮೊರದಿಂದ ಇನ್ನೊಂದು ಕಲ್ಲು ಹೆಕ್ಕಿದಳು.

"ನೀನು ನಿಜ ಹೇಳಿ ಏನ್ ಕಂಡೆ? ನಿನ್ ಇಲೀಗೆ ಯಾರೂ ಹೆಣ್ಣು ಕೇಳಾಕೆ ಹೋಗಲ್ಲ ಕಣೇ."

ಅವಳ ಮಾತು ಸುಳ್ಳಲ್ಲ. ನನ್ನ ಇಬ್ಬರು ತಂಗಿಯರು ಆ ಗ್ರಹಣದ ಆಸರೆಯಲ್ಲೇ ಒಳ್ಳೆಯ ಮನೆ ಸೇರಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ನಾನು ಒಪ್ಪಿಗೆಯಾಗಿದ್ದೆ. ನನಗೂ ಅವರು ಒಪ್ಪಿಗೆಯಾಗಿದ್ದರು. ಅವರ ಮನೆಯವರು ತಮ್ಮನ ತುಟಿಯ ವಿಷಯ ಕೇಳಿದಾಗ, ನಾನು ಗ್ರಹಣ ಎನ್ನಲಿಲ್ಲ. ರಕ್ತಸಂಬಂಧಿಗಳಲ್ಲಿ ಮತ್ತೆ ಕಾಣಿಸುವ ಸಾಧ್ಯತೆ ಸ್ವಲ್ಪ ಇದೆ, ಸ್ವಲ್ಪವೇ ಇದೆ ಎಂದು ಇಂಗ್ಲಿಷಿನಲ್ಲಿ, ಅಂಕಿಅಂಶದ ಸಮೇತ ಹೇಳಿದೆ. ಅವರು ಬಹಳ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಬರಲಿಲ್ಲ. ನನ್ನನ್ನು ಒಪ್ಪಿದ್ದವರೂ ವಿಜ್ಞಾನಿಯೇ. ಮನೆಯವರ ಸಮಾಧಾನಕ್ಕೆ ಎಂದರು. ಇರಲಿ, ಇದು ಇಲ್ಲಿ ಹೇಳುವ ವಿಷಯವಲ್ಲ.

ಯಾವುದೂ ಇಲ್ಲಿ ಹೇಳುವ ವಿಷಯವಾಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಳಿತಿದ್ದಾಳೆ. ಮರುಳಪ್ಪ ಬಾಗಿಲ ಹತ್ತಿರ ನಿಂತಿದ್ದವನು ಕಾಣಿಸುತ್ತಿಲ್ಲ. ಅಧ್ಯಕ್ಷರು ಗಡಿಯಾರ ನೋಡುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದಾರೆ. ವೀರಭದ್ರಯ್ಯನವರೇ, ಚೀಟಿ ಕಳಿಸಬೇಡಿ. ಇಲ್ಲಿಗೇ ನಿಲ್ಲಿಸಿದರೆ ಇನ್ನೂ ಕೆಡುತ್ತದೆ.

ಅಧ್ಯಕ್ಷರೇ, ಈಗ ತಾವು ಕೆಳಗಿಳಿದು ನಮ್ಮವ್ವನನ್ನು ಕೇಳುತ್ತೀರಿ. ಓದಿ ಓದಿ ಮಗಳಿಗೆ ತಲೆ ಕೆಟ್ಟಿದೆ, ಕುಯ್ದದ್ದು ನಿಜ ಎಂದು ಅವಳು ಆಣೆ ಇಟ್ಟು ಹೇಳುತ್ತಾಳೆ. ಅವಳ ಸುಳ್ಳಿಗೆ ಇಪ್ಪತ್ತೈದು ವರ್ಷದ ಅಭ್ಯಾಸವಿದೆ, ತಾವು ಅವಳನ್ನೇ ನಂಬುತ್ತೀರಿ. ದಯವಿಟ್ಟು ನಂಬಬೇಡಿ. ನಿಜ ಇಷ್ಟು: ಮರುಳಪ್ಪನಿಗೆ ಹುಟ್ಟುವ ಮಗುವಿಗೆ ಹೀಗಾಗುವ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು. ತೊಂಬತ್ತಾರು ಪಾಲು ಏನೂ ಆಗದು. ಹಾಗೇನಾದರೂ ಆದರೆ ಹೊಲಿಗೆ ಹಾಕಿಸಬೇಕು, ಅಷ್ಟೇ. ಇದು ಕೈಯ ತಪ್ಪಲ್ಲ. ಬರೀ ರಕ್ತದ ತಪ್ಪೂ ಅಲ್ಲ, ಒಂದೇ ರಕ್ತದ ನನ್ನ ಇಲಿಗಳೇ ಅದಕ್ಕೆ ಸಾಕ್ಷಿ. ಹಾಗಾದರೆ ಯಾರ ತಪ್ಪು ಎಂದು ಕೇಳಿದರೆ, ಯಾರದ್ದೂ ಅಲ್ಲ. ಇದನ್ನು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ ಎಂದು ನನಗೆ ಗೊತ್ತು. ನನಗೂ ಆಗಿಲ್ಲ.

ಸೋಮವಾರ ತಾವು ಬರುತ್ತೀರೋ ಇಲ್ಲವೋ ತಿಳಿಯದು. ಬಾರದಿದ್ದರೆ ನಮ್ಮವ್ವ ನನ್ನೊಡನೆ ಮಾತು ಬಿಡುತ್ತಾಳೆ. ಬಿಡಲಿ, ಅದು ಅವಳ ಹಕ್ಕು. ಆದರೆ ಒಂದು ಕೇಳುತ್ತೇನೆ. ಹೆಣ್ಣು ಕೊಡುವಾಗ ತಾವೆಲ್ಲ ಹುಡುಗನ ಮುಖ ನೋಡುತ್ತೀರಿ, ತೋಟ ನೋಡುತ್ತೀರಿ, ವಂಶ ನೋಡುತ್ತೀರಿ. ಅತ್ತೆ ಎಂಥವಳು ಎಂದು ನೋಡುವುದಿಲ್ಲವೇ? ಮಕ್ಕಳ ಮೇಲೆ ಬೀಳಬೇಕಾಗಿದ್ದ ಮಾತನ್ನು ತನ್ನ ಮೇಲೆ ಎಳೆದುಕೊಂಡು, ಊರು ಸೀಮಂತಕ್ಕೆ ಕರೆಯದಿದ್ದರೂ ಬಾಯಿ ಬಿಡದೆ ಬದುಕಿದವಳು ಅವಳು. ನನಗೊಬ್ಬ ಮಗಳಿದ್ದಿದ್ದರೆ ಕಣ್ಣು ಮುಚ್ಚಿಕೊಂಡು ಆ ಮನೆಗೆ ಕೊಡುತ್ತಿದ್ದೆ.

ಎರಡು ಮಾತು ಎಂದು ಕರೆದು ಇಷ್ಟನ್ನೂ ಕೇಳಬೇಕಾಗಿ ಬಂದ ಸಂಘದ ಪದಾಧಿಕಾರಿಗಳಿಗೆ, ಎದ್ದುಹೋಗದೆ ಕುಳಿತ ತಮಗೆ ನಾನು ಋಣಿ. ಅವ್ವ, ಬಯ್ಯುವುದೇನಿದ್ದರೂ ಮನೆಗೆ ಹೋದ ಮೇಲೆ ಬಯ್ಯಿ. ಇವರ ಮುಂದೆ ಮಾತ್ರ ಇನ್ನು ತಲೆ ತಗ್ಗಿಸಬೇಡ.

ನಮಸ್ಕಾರ.